ಕಾಜದಮ್ಮನ ಕಾಲು ಡಬ್ಬಿ ಪರಾಗ

ಈ ವಯಸ್ಸಿನಲ್ಲಿ ಬೇರೆಯವರು ಕಿಟಕಿಯ ಬಳಿ ಕೂತು ಯಾರು ಯಾರ ಮನೆಗೆ ಹೋದರು ಎಂದು ನೋಡುತ್ತಾರೆ. ನಾನು ಒಂದು ಯಂತ್ರದ ಮೇಲೆ ಯುದ್ಧ ಸಾರಿದೆ! ಅದೂ ಮನಸ್ಸಿನಲ್ಲೇ ಅಲ್ಲ. ಟೈಲರ್ ಅಂಗಡಿಯ ನಟ್ಟನಡುವೆ ನಿಂತು, ಸೂಜಿಯನ್ನು ಕತ್ತಿಯ ಹಾಗೆ ಎತ್ತಿ ಹಿಡಿದು, "ಬರಲಿ ನಿನ್ನ ಮಿಷನ್ನು, ನೋಡೇಬಿಡ್ತೀನಿ!" ಎಂದು ಘೋಷಿಸಿದೆ. ಆ ಸೂಜಿಯಲ್ಲಿ ದಾರ ಇರಲಿಲ್ಲ. ಅದನ್ನು ಪೋಣಿಸಲು ಬೆಳಗಿನಿಂದ ಒದ್ದಾಡುತ್ತಿದ್ದೆ ಎಂಬುದು ಬೇರೆ ವಿಷಯ.

ನಮ್ಮ ಮನೆಯ ಕೆಳಗೇ ಆ ಅಂಗಡಿ. ನಮ್ಮವರು ಬದುಕಿದ್ದಾಗ ಅಲ್ಲಿ ಬಟ್ಟೆ ಕತ್ತರಿಸುತ್ತಿದ್ದರು. ಅವರು ಹೋದ ಮೇಲೆ ಅವರ ಸ್ಟೂಲು ಖಾಲಿ ಇರುವುದನ್ನು ನೋಡಲಾರದೆ ನಾನೇ ಹೋಗಿ ಕೂತೆ. ಕೂತವಳು ಎದ್ದಿಲ್ಲ. ನನ್ನ ಕೆಲಸ ಕಾಜ ಹಾಕುವುದು. ಕಾಜ ಅಂದರೆ ಗುಂಡಿ ತೂರುವ ಕಂಡಿ. ದಿನಾ ಅಂಗಿ ತೊಡುವಾಗ ನೀವು ಅದರ ಮುಖವನ್ನೂ ನೋಡಿರುವುದಿಲ್ಲ, ಗೊತ್ತು. ಬಟ್ಟೆಯನ್ನು ಗುಂಡಿಯ ಅಳತೆಗೆ ಸೀಳಬೇಕು. ಸೀಳಿದ ಅಂಚು ಬಿಚ್ಚಿಕೊಳ್ಳದ ಹಾಗೆ ಎಳೆಯ ಪಕ್ಕ ಎಳೆ ಕೂರಿಸಿ ದಾರದಲ್ಲಿ ಕಟ್ಟಬೇಕು. ನಾನು ಹಾಕಿದ ಕಾಜ ಮಲಗಿದ ಮಗುವಿನ ರೆಪ್ಪೆಯ ಹಾಗಿರುತ್ತದೆ. ಇದು ನನ್ನ ಮಾತಲ್ಲ, ನಮ್ಮವರ ಮಾತು. ಅವರು ನನ್ನನ್ನು ಹೊಗಳಿದ್ದು ಅದೊಂದೇ ಸಲ, ಹಾಗಾಗಿ ಚೆನ್ನಾಗಿ ನೆನಪಿದೆ. ಅಂಗಡಿಗೆ ಬರುವವರೆಲ್ಲ ನನ್ನನ್ನು ಕಾಜದಮ್ಮ ಅನ್ನುತ್ತಾರೆ.

ಈಗೀಗ ಕಾಜದಮ್ಮನಿಗೆ ಸುಸ್ತು. ಎಂಥ ಸುಸ್ತು ಅಂತೀರಿ! ನನ್ನ ಜೊತೆಯಲ್ಲೇ ಏಳುತ್ತದೆ, ಜೊತೆಯಲ್ಲೇ ಮುಖ ತೊಳೆಯುತ್ತದೆ, ಮೆಟ್ಟಿಲಿಳಿಯುವಾಗ ಹೆಗಲ ಮೇಲೆ ಕೈ ಹಾಕಿಕೊಂಡೇ ಬರುತ್ತದೆ. ಇಷ್ಟು ನಿಷ್ಠೆಯಿಂದ ನನ್ನ ಹಿಂದೆ ಬಿದ್ದವರು ಜೀವನದಲ್ಲಿ ಬೇರೆ ಯಾರೂ ಇಲ್ಲ. ಒಂದು ಕಾಜ ಮುಗಿಸಿದರೆ ಒಂದು ಆಕಳಿಕೆ. ಎರಡು ಮುಗಿಸಿದರೆ ಒಂದು ತೂಕಡಿಕೆ. ಮೊನ್ನೆ ಒಬ್ಬರ ಅಂಗಿಯ ತೋಳನ್ನು ನನ್ನ ಉಡುಪಿನ ಅಂಚಿಗೇ ಸೇರಿಸಿ ಹೊಲಿದುಕೊಂಡು, ಏಳಲು ಹೋದರೆ ಅಂಗಿಯೂ ನನ್ನ ಜೊತೆ ಎದ್ದಿತು.

ಟೈಲರ್ ಅದನ್ನು ನೋಡಿದ. ಅವನು ನಮ್ಮವರ ಕೈಕೆಳಗೆ ಕೆಲಸ ಕಲಿತವನು, ಮಾತು ಮೃದು.

"ಅಮ್ಮಾ, ಬೇಜಾರು ಮಾಡ್ಕೋಬೇಡಿ. ಕಾಜ ಹಾಕೋ ಮಿಷನ್ ಬಂದಿದೆಯಂತೆ. ಬಟ್ಟೆ ಇಟ್ಟು ಕಾಲೊತ್ತಿದ್ರೆ ಸಾಕು, ಟಕ್ ಅಂತ ಕಾಜ!"

"ಟಕ್ ಅಂತ ಹಾಕಿದ್ದು ಟಕ್ ಅಂತಲೇ ಬಿಚ್ಕೊಳ್ಳುತ್ತೆ."

"ದೊಡ್ಡ ಹೋಟೆಲಿನ ಮುಖ್ಯ ಅಡುಗೆಯವರು ಅಡುಗೆಮನೆಯವರಿಗೆಲ್ಲ ಬಿಳಿ ಕೋಟು ಹೊಲಿಸ್ತಾರಂತೆ. ಬಟ್ಟೆ ಅವರದೇ. ಮಾದರಿಗೆ ಒಂದು ಕೋಟು ಕೇಳಿದ್ದಾರೆ, ನಾಳೆ ನೋಡೋಕೆ ಬರ್ತಾರೆ. ಅಷ್ಟೂ ಕೋಟಿಗೆ ಕೈಯಲ್ಲಿ ಕಾಜ ಹಾಕೋಕೆ ನಿಮ್ಮಿಂದ ಆಗುತ್ತಾ?"

ಆಗಲೇ ನಾನು ಸೂಜಿ ಎತ್ತಿ ಹಿಡಿದದ್ದು. ಅವನು ನಕ್ಕು, ಆಮೇಲೆ ನಗು ನುಂಗಿ, "ಸರಿ ಅಮ್ಮಾ, ಮಾದರಿ ಕೋಟು ಅವರಿಗೆ ಒಪ್ಪಿಗೆಯಾದ್ರೆ ಮಿಷನ್ ಬೇಡ. ಆಗದಿದ್ರೆ ಮಿಷನ್ ತರ್ತೀನಿ. ನೀವು ಆಮೇಲೆ ಆರಾಮಾಗಿ ಮನೇಲಿರಿ" ಎಂದ.

ಆರಾಮಾಗಿ ಮನೇಲಿ! ಮನೆಯಲ್ಲಿ ಯಾರಿದ್ದಾರೆ ಅಂತ ಗೊತ್ತಿದ್ದೂ ಹೀಗಂದನಲ್ಲ!

ಮನೆಯಲ್ಲಿ ಇರುವುದು ನನ್ನ ನಾದಿನಿ. ನಮ್ಮವರ ತಂಗಿ. ಮದುವೆಯಾಗದೆ ಉಳಿದವಳು, ಕೆಲಸದಿಂದ ನಿವೃತ್ತಿಯಾದ ಮೇಲೆ ನನ್ನ ಜೊತೆಗೇ ಇದ್ದಾಳೆ. ಓದಿದವಳು. ದಿನವಿಡೀ ಫೋನಿನಲ್ಲಿ ಆರೋಗ್ಯದ ವಿಷಯ ಓದುತ್ತಾಳೆ. ಓದಿದ ರೋಗವೆಲ್ಲ ನನಗಿದೆ ಎನ್ನುತ್ತಾಳೆ, ಓದಿದ ಔಷಧಿಯನ್ನೆಲ್ಲ ನನ್ನ ಮೇಲೆ ಪ್ರಯೋಗಿಸುತ್ತಾಳೆ. ಇಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಈಚೆಗೆ ಅವಳ ಬಾಯಿಗೆ ಹೊಸ ಹಲ್ಲಿನ ಸೆಟ್ಟು ಬಂದಿದೆ. ಮೇಲಿನ ತಟ್ಟೆ ಅಂಗುಳನ್ನೆಲ್ಲ ಮುಚ್ಚಿಬಿಟ್ಟಿದೆ. ನಾಲಿಗೆ ಮಡಿಚಿ "ಳ" ಅನ್ನಲು ಹೋದರೆ ಅದು ತಟ್ಟೆಗೆ ಬಡಿದು "ಲ" ಆಗಿ ಜಾರಿ ಬೀಳುತ್ತದೆ!

"ಅತ್ತಿಗೆ, ಮೊಸರು ಹುಲಿಯಾಗಿದೆ" ಎಂದು ಅಡುಗೆಮನೆಯಿಂದ ಕೂಗುತ್ತಾಳೆ. ಪಾತ್ರೆಯ ಹತ್ತಿರ ಹೋಗಲೇ ನನಗೆ ಹೆದರಿಕೆ. ಗಾಡಿಯಲ್ಲಿ ಹಣ್ಣು ಮಾರುವವನನ್ನು ತಡೆದು, "ಬಾಲೆ ಎಷ್ಟಕ್ಕಪ್ಪಾ ಕೊಡ್ತೀಯ?" ಎಂದಳು, ಅವನು ಅವಳ ಮುಖವನ್ನೂ ನೋಡದೆ ಗಾಡಿ ತಳ್ಳಿಕೊಂಡು ಓಡಿದ. ಇನ್ನು "ಹೇಳು" ಎಂಬ ಮಾತನ್ನಂತೂ ನಮ್ಮ ಮನೆಯಲ್ಲಿ ನಾನು ಪೂರ್ತಿ ನಿಷೇಧಿಸಿದ್ದೇನೆ. "ಅನ್ನು" ಅನ್ನಬೇಕು. ಕಾರಣವನ್ನು ಇಲ್ಲಿ ಬರೆಯುವಂತಿಲ್ಲ. ನೀವೇ ಳ ತೆಗೆದು ಲ ಹಾಕಿ ನೋಡಿಕೊಳ್ಳಿ.

ನಾನು ಯುದ್ಧ ಸಾರಿ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಬಂದು ಕುರ್ಚಿಗೆ ಬಿದ್ದೆ. ನಾದಿನಿ ಫೋನಿನಿಂದ ತಲೆ ಎತ್ತಿದಳು.

"ಅತ್ತಿಗೆ, ನಿಮ್ಮ ಸುಸ್ತಿಗೆ ಔಷಧಿ ಸಿಕ್ತು. ಪರಾಗ!"

"ನಿನ್ನ ರಾಗವೇ ಸಾಕಾಗಿದೆ ಕಣೇ. ಇನ್ನು ಪರರ ರಾಗ ಬೇರೆ ಕೇಳ್ಲಾ?"

"ರಾಗ ಅಲ್ಲ, ಪರಾಗ! ಹೂವಿನ ಧೂಲು. ಜೇನುನೊಣ ತನ್ನ ಕಾಲಿಗೆ ಅಂಟಿಸ್ಕೊಂಡು ಗೂಡಿಗೆ ತರುತ್ತಲ್ಲ, ಅದು."

"ನೊಣದ ಕಾಲಿನ ಧೂಳನ್ನ ನಾನು ತಿನ್ನಬೇಕಾ?"

"ಏನೇನು ಲಾಭ ನೋಡಿ ಇಲ್ಲಿ," ಎಂದು ಫೋನನ್ನು ಕೈ ಚಾಚಿದಷ್ಟು ದೂರ ಹಿಡಿದು ಓದಿದಳು. "ಸುಸ್ತು ಓಡಿಹೋಗುತ್ತೆ. ರಕ್ತ ಶುದ್ಧ ಆಗುತ್ತೆ. ಜೀರ್ಣ ಸಲೀಸು. ನೆಗಡಿ ಹತ್ತಿರ ಸುಲಿಯಲ್ಲ. ಮೂಲೆ ಗಟ್ಟಿಯಾಗುತ್ತೆ."

"ಯಾವ ಮೂಲೆಯೇ?"

"ಮೈಯಲ್ಲಿರೋ ಮೂಲೆ! ಬೆನ್ನಿನ ಮೂಲೆ, ಮಂಡಿ ಮೂಲೆ!"

"ಓ, ಮೂಳೆ."

"ಅದನ್ನೇ ಅಲ್ವಾ ನಾನೂ ಅಂದಿದ್ದು, ಮೂಲೆ! ಓಟದ ಪಂದ್ಯದವರೆಲ್ಲ ತಿಂತಾರಂತೆ ಅತ್ತಿಗೆ. ಚರ್ಮ ಮಿಂಚುತ್ತಂತೆ. ಆಯಸ್ಸೂ ಜಾಸ್ತಿಯಂತೆ."

"ಹಾಗಿದ್ರೆ ಆ ಜೇನುನೊಣ ಯಾಕೆ ಅಷ್ಟು ಬೇಗ ಸಾಯುತ್ತೆ?"

"ನಿಮ್ಮ ಬಾಯಲ್ಲಿ ಒಲ್ಲೆ ಮಾತೇ ಬರಲ್ಲ!"

"ಒಲ್ಲೆ ಒಲ್ಲೆ ಅಂತಲೇ ಇದ್ದೀನಲ್ಲ ಆವಾಗಿಂದ!"

ಬಾಯಲ್ಲಿ ಒಲ್ಲೆ ಅಂದರೂ ಮನಸ್ಸು ಒಂದು ಮೂಲೆಯಲ್ಲಿ (ಇದು ನಿಜವಾದ ಮೂಲೆ) ಯೋಚಿಸುತ್ತಿತ್ತು. ಜೇನುನೊಣ ತೂಕಡಿಸುವುದನ್ನು ನಾನು ಎಂದೂ ನೋಡಿಲ್ಲ. ಅದೂ ನನ್ನ ಹಾಗೆಯೇ, ಒಂದು ಸಣ್ಣ ಕಂಡಿ ಮುಗಿಸಿ ಪಕ್ಕದ ಕಂಡಿಗೆ ಹೋಗುವ ಕೆಲಸದ್ದೇ. ಅದಕ್ಕೆ ಶಕ್ತಿ ಕೊಟ್ಟದ್ದು ನನಗೂ ಕೊಡಬಾರದೇಕೆ? ಮಿಷನ್ನಿಗೆ ಕರೆಂಟು, ನನಗೆ ಪರಾಗ. ಸರಿಸಮ!

"ಹೋಗು, ತಗೊಂಡು ಬಾ" ಎಂದೆ.

ಮಾರ್ಕೆಟ್ಟಿನ ತುದಿಯಲ್ಲಿ ಒಬ್ಬ ಜೇನು ಮಾರುವವನಿದ್ದಾನೆ. ನಾದಿನಿ ಅವನ ಹತ್ತಿರ ಹೋಗಿ ಒಂದು ಸಣ್ಣ ಗಾಜಿನ ಡಬ್ಬಿ ತಂದಳು. ಒಳಗೆ ಸಾಸಿವೆಯಷ್ಟು ಸಣ್ಣ ಉಂಡೆಗಳು: ಹಳದಿ, ಕಿತ್ತಳೆ, ಅಲ್ಲೊಂದು ಇಲ್ಲೊಂದು ಕಂದು. ನೋಡಲು ಚೆಂದವೇ.

"ಜೇನಿನವನು ಒಂದೇ ಮಾತು ಅಂದ ಅತ್ತಿಗೆ," ಎಂದಳು ಚಪ್ಪಲಿಯನ್ನೂ ಬಿಡದೆ. "ಮೊದಲನೇ ಸಲ ಕಾಲು ಸಾಕು. ಕಾಲು ತಿಂದು ಸುಮ್ಮನಿರಬೇಕಂತೆ. ಮೈಗೆ ಒಗ್ಗಿದ್ರೆ ಆಮೇಲೆ ನಿಧಾನಕ್ಕೆ ಜಾಸ್ತಿ ಮಾಡಬೇಕಂತೆ."

"ಕಾಲೇ?"

"ಹ್ಞೂಂ, ಕಾಲೇ. ಅದಕ್ಕಿಂತ ಜಾಸ್ತಿ ಬೇಡವೇ ಬೇಡ ಅಂದ. ನಾನು ಹಲ್ಲಿನ ಡಾಕ್ಟ್ರ ಹತ್ತಿರ ಹೋಗ್ಬೇಕು, ಈ ತಟ್ಟೆ ಒತ್ತುತ್ತಿದೆ. ನೀವು ತಿಂದು ಕೆಲಸಕ್ಕೆ ಕೂತ್ಕೋಲಿ."

ಹೋಗಿಬಿಟ್ಟಳು.

ಈಗ ನೀವು ಕೇಳಬಹುದು: ಮೊಸರಿನ ಹುಲಿಯನ್ನು ಹುಳಿ ಮಾಡಿಕೊಳ್ಳಲು ಬರುವ ನಿನಗೆ ಇಷ್ಟು ಹೊಳೆಯಲಿಲ್ಲವೇ ಎಂದು. ಅರ್ಥವಾಗದ ಮಾತು ಬಂದರೆ ನಾನು ಲ ತೆಗೆದು ಳ ಹಾಕಿ ನೋಡುತ್ತೇನೆ. ಅರ್ಥವಾಗುವ ಮಾತನ್ನು ಯಾಕೆ ಬಿಚ್ಚಿ ಹೊಲಿಯಲಿ? ಕಾಲು ಅಂದರೆ ಕಾಲು. ಮೊದಲು ಕಾಲು ಡಬ್ಬಿ. ಒಗ್ಗಿದರೆ ಅರ್ಧ, ಆಮೇಲೆ ಮುಕ್ಕಾಲು. ಲೆಕ್ಕ ನೇರವಾಗಿಯೇ ಇತ್ತು!

ಮೊದಲ ಸಲಕ್ಕೆ ಸ್ವಲ್ಪ ಹೆಚ್ಚಾಯಿತೇನೋ ಅನ್ನಿಸದೆ ಇರಲಿಲ್ಲ. ಆದರೆ ಔಷಧಿಯ ವಿಷಯದಲ್ಲಿ ನನಗೆ ಅಂದಾಜು ಆಗಿಬರುವುದಿಲ್ಲ. ಅಳತೆ ಅಂದರೆ ಅಳತೆ. ಟೇಪು ತೆಗೆದು ಡಬ್ಬಿಯ ಬುಡದಿಂದ ಕಾಳು ನಿಂತ ಎತ್ತರದವರೆಗೆ ಹಿಡಿದೆ. ನಾಲ್ಕು ಭಾಗ ಮಾಡಿ, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಗಾಜಿನ ಮೇಲೆ ಗೆರೆ ಎಳೆದೆ. ಡಬ್ಬಿ ಕುತ್ತಿಗೆಯ ಹತ್ತಿರ ಕೊಂಚ ಕಿರಿದಾಗಿತ್ತು; ಆ ಕೊರತೆಗೆಂದು ಮೇಲಿನ ಗೆರೆಯನ್ನು ಒಂದು ದಾರದೆಳೆಯಷ್ಟು ಕೆಳಗೆ ತಂದೆ. ನನ್ನ ಪಾಲಿನದು ನನಗೆ ಕಡಿಮೆಯಾಗಬಾರದಲ್ಲ!

ರುಚಿ ಕೇಳಬೇಡಿ. ಹೂವಿನ ಅಂಗಡಿ ಗುಡಿಸಿ ಆ ಕಸವನ್ನು ಬಾಯಿಗೆ ಸುರಿದುಕೊಂಡ ಹಾಗೆ. ಮೊದಲು ಸಿಹಿ, ಆಮೇಲೆ ಕಹಿ, ಕೊನೆಗೆ ಬರೀ ಹುಡಿ. ಚಮಚದ ಮೇಲೆ ಚಮಚ, ನಡುವೆ ನೀರು. ನಾಲಿಗೆ ಸಾಕು ಅಂದಿತು, ಗೆರೆ ಇನ್ನೂ ಇದೆ ಅಂದಿತು. ಗೆರೆಯ ಮಾತನ್ನೇ ಕೇಳಿದೆ.

ಡಬ್ಬಿಯನ್ನು ಕೈಯಲ್ಲೇ ಹಿಡಿದು ಅಂಗಡಿಗಿಳಿದೆ. ಟೈಲರ್ ಕೋಟಿನ ಹೊಲಿಗೆ ಮುಗಿಸುತ್ತಿದ್ದ. ಡಬ್ಬಿ ನೋಡಿದವನೇ ಹೊಲಿಗೆ ಮಿಷನ್ ನಿಲ್ಲಿಸಿದ.

"ಇದೇನಾ ಅಮ್ಮಾ ಆ ಪರಾಗ? ಅಕ್ಕ ಮೆಟ್ಟಿಲ ಹತ್ತಿರ ಸಿಕ್ಕಿ ಎಲ್ಲಾ ಹೇಳಿದ್ರು. ನನಗೂ ಸ್ವಲ್ಪ ಕೊಡ್ತೀರಾ? ಜಾಸ್ತಿ ಬೇಡ, ನನ್ನ ಕಾಲಿಗೆ ಆಗೋಷ್ಟು ಸಾಕು."

ಪಾಪ, ಸುಸ್ತು ಎಲ್ಲರಿಗೂ ಒಂದೇ. "ತಗೋಪ್ಪಾ, ಸರಿಯಾಗಿ ಕಾಲು" ಎಂದು ಎರಡನೇ ಗೆರೆಯವರೆಗೆ ಅಳೆದು ಅವನ ಖಾಲಿ ಟೀ ಲೋಟಕ್ಕೆ ಸುರಿದೆ. ಅವನು ಲೋಟ ಹಿಡಿದು ಪರದೆಯ ಹಿಂದೆ ಹೋದ. ನಾಚಿಕೆಯ ಮನುಷ್ಯ, ಬೇರೆಯವರ ಎದುರು ಔಷಧಿ ತಿನ್ನುವುದಿಲ್ಲವೇನೋ ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ಹೊರಗೆ ಬಂದ, ಕೋಟನ್ನು ಮಂಡಿಯ ಮೇಲೆ ಹರಡಿಕೊಂಡು ಕೆಳ ಅಂಚನ್ನು ಕೈಯಲ್ಲಿ ಮಡಿಸಿ ಹೊಲಿದ, ಹಾಗೇ ಸುತ್ತಿ ನನಗೆ ಕೊಟ್ಟು, ಗುಂಡಿ ತರಲು ಕುಂಟುತ್ತಾ ಹೊರಟ.

ನಾನು ಕೆಲಸಕ್ಕೆ ಕೂತೆ. ಬಿಳಿ ಕೋಟು, ಎದೆಯ ಮೇಲೆ ಎರಡು ಪದರವಾಗಿ ಬರುವಂಥದ್ದು. ಗಂಡಸರ ಕೋಟಿಗೆ ಕಾಜ ಎಡಗಡೆ. ಇದು ನನಗೆ ನಿದ್ದೆಯಲ್ಲೂ ಗೊತ್ತು.

ಮೊದಲನೆಯ ಕಾಜ ಹಾಕುವಾಗ ಕಿವಿಯ ತುದಿ ಬಿಸಿಯಾಯಿತು. ಆಹಾ, ಶುರುವಾಯಿತು ಅಂದುಕೊಂಡೆ. ಕೆನ್ನೆ ಬಿಸಿಯಾಯಿತು. ಕುತ್ತಿಗೆ ಬಿಸಿಯಾಯಿತು. ಅಂಗೈ ಜುಮುಜುಮು ಎಂದಿತು. ರಕ್ತ ಶುದ್ಧವಾಗುತ್ತಿದೆ! ಮೂಗಿನಲ್ಲಿ ನೀರು ಹರಿಯಿತು. ಕಲ್ಮಶ ಹೊರಟಿತು! ತುಟಿ ದಪ್ಪಗಾಗಿ ಗಲ್ಲದ ಮೇಲೆ ಕೂತಿತು. ಮೈಗೆ ತುಂಬಿಕೊಳ್ಳುತ್ತಿದ್ದೇನೆ! ತಲೆಯೊಳಗೆ ಗುಂಯ್ ಎಂಬ ಸದ್ದು. ಇಷ್ಟು ವರ್ಷದ ಸುಸ್ತು ರೆಕ್ಕೆ ಕಟ್ಟಿಕೊಂಡು ಹಾರಿಹೋಗುತ್ತಿದೆ ಅಂತಲೇ ನನ್ನ ಲೆಕ್ಕ. ಮೈಯೆಲ್ಲ ತುರಿಸುತ್ತಿದ್ದುದರಿಂದ ಒಂದು ಕಡೆ ಕೂರಲಾಗದೆ ಕೈ ಎಂದೂ ಓಡದ ವೇಗದಲ್ಲಿ ಓಡಿತು. ತೂಕಡಿಕೆ? ಹತ್ತಿರವೂ ಇಲ್ಲ! ಬೆಳಕು ಮಾತ್ರ ಯಾಕೋ ಕಡಿಮೆಯಾಗುತ್ತಾ ಬಂತು. ಮೋಡ ಮುಸುಕಿರಬೇಕು ಅಂದುಕೊಂಡು ಬೆರಳಿನ ಅಂದಾಜಿನಲ್ಲೇ ಸಾಲು ಮುಗಿಸಿ, ದಾರ ಕಚ್ಚಿ, "ಎಲ್ಲಿ ನಿನ್ನ ಮಿಷನ್ನು?" ಎಂದು ಗೋಡೆಗೆ ಕೇಳಿದೆ.

ಬಾಗಿಲಲ್ಲಿ ಹೆಜ್ಜೆ ಸದ್ದಾಯಿತು. ಟೈಲರ್. ಅವನು ಒಳಗೆ ಬಂದವನು ಅಲ್ಲೇ ನಿಂತ.

"ಯಾರು ಬೇಕಿತ್ತಮ್ಮಾ ನಿಮಗೆ?"

"ನಾನೇ ಕಣೋ!"

"ನೀವೇ ಅಂದ್ರೆ ಯಾರು? ಅಲ್ಲಿ ಕೂತ್ಕೋಬೇಡಿ, ಅದು ನಮ್ಮ ಕಾಜದಮ್ಮನ ಜಾಗ."

"ಕಾಜದಮ್ಮನೇ ಕಣೋ ನಾನು!"

ಅವನ ಕೈಯಲ್ಲಿದ್ದ ಗುಂಡಿಯ ಪೊಟ್ಟಣ ನೆಲಕ್ಕೆ ಬಿತ್ತು. "ಅಯ್ಯೋ! ಅಮ್ಮಾ! ನಿಮ್ಮ ಕಣ್ಣೆಲ್ಲಿ?"

ಅಳತೆಯ ಕನ್ನಡಿಯ ಎದುರು ನಿಲ್ಲಿಸಿದ. ರೆಪ್ಪೆ ಬೆರಳಲ್ಲಿ ಎತ್ತಿ ನೋಡಿದೆ. ಒಂದು ಮುಖ ಇತ್ತು. ಅದರಲ್ಲಿ ಕಣ್ಣಿರಬೇಕಾದ ಕಡೆ ಎರಡು ಗೆರೆ. ಮಿಕ್ಕ ಜಾಗವನ್ನೆಲ್ಲ ತುಟಿ ಮತ್ತು ಕೆನ್ನೆ ಹಂಚಿಕೊಂಡಿದ್ದವು. ಮಲಗಿದ ಮಗುವಿನ ರೆಪ್ಪೆ ಎಂದು ನಮ್ಮವರು ಅಂದದ್ದು ಕಾಜಕ್ಕೆ. ಈಗ ರೆಪ್ಪೆಯೇ ಹಾಕಿ ಮುಗಿಸಿದ ಕಾಜದ ಹಾಗಿತ್ತು!

ಟೈಲರ್ ಕೋಟು ಎತ್ತಿ ಬೆಳಕಿಗೆ ಹಿಡಿದ.

"ಹೇಗಿದೆ?"

"ಕಾಜ ಚೆನ್ನಾಗಿದೆ ಅಮ್ಮಾ." ಕೋಟನ್ನು ಮಗುಚಿ ನೋಡಿ, "ಬಲಗಡೆ ಇದೆ" ಎಂದ.

ಅವನು ಒಳಮಗ್ಗುಲು ಮೇಲಾಗಿ ಸುತ್ತಿ ಕೊಟ್ಟಿದ್ದ. ಒಳಮಗ್ಗುಲು ಮೇಲಾದರೆ ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ. ಕಣ್ಣಿದ್ದವಳು ತಿರುಗಿಸಿ ನೋಡುತ್ತಿದ್ದಳು. ನನಗೆ ಶುರುವಿನಲ್ಲಿ ಅವಸರ, ಆಮೇಲೆ ಕಣ್ಣು ರಜೆಯಲ್ಲಿತ್ತು.

"ಎಡಗಡೆ ಏನೋ ಹಳದಿಯಾಗಿದೆಯಲ್ಲ?" ಎಂದೆ, ರೆಪ್ಪೆ ಎತ್ತಿಕೊಂಡು. ಎದೆಯ ಎಡ ಪದರದ ಮೇಲೆ ಲೋಟದ ಬಾಯಿಯಷ್ಟು ಅಗಲದ ಹಳದಿ ಕಲೆ. "ಅದು ನಾನಲ್ಲಪ್ಪಾ. ನಾನು ಮೇಲೆಯೇ ತಿಂದು, ಕೈ ತೊಳೆದುಕೊಂಡು ಬಂದಿದ್ದೀನಿ."

ಟೈಲರ್ ನಿಧಾನವಾಗಿ ಪ್ಯಾಂಟಿನ ಕಾಲು ಮಡಿಸಿದ. ಮಂಡಿಗೆ ಹಳೇ ಲೈನಿಂಗ್ ಬಟ್ಟೆಯ ಕಟ್ಟು. ಕಟ್ಟಿನಿಂದ ಹಳದಿ ರಸ ಇಳಿಯುತ್ತಿತ್ತು. ಅದರ ಹಿಂದೆಯೇ ಇರುವೆಯ ಸಾಲೊಂದು ಶಿಸ್ತಾಗಿ ಮೇಲೇರುತ್ತಿತ್ತು.

"ಏನೋ ಇದು!"

"ಬಿಸಿನೀರಲ್ಲಿ ಕಲಸಿ ಕಟ್ಟಿದ್ದೀನಿ."

"ತಿನ್ನೋದನ್ನ ಯಾಕೋ ಕಟ್ಕೊಂಡೆ?"

"ಅಕ್ಕ ಅಂದ್ರಲ್ಲ, ಮೊದಲು ಕಾಲು ಅಂತ! ದಿನವಿಡೀ ಮಿಷನ್ ತುಳಿದು ತುಳಿದು ನನ್ನ ಮಂಡಿ ಹೋಗಿದೆ. ಮೊದಲು ಕಾಲಿಗೆ, ಒಗ್ಗಿದ್ರೆ ಆಮೇಲೆ ಮೈಗೆಲ್ಲ ಅಂದ್ಕೊಂಡೆ. ನೀವೇನು ಮಾಡಿದ್ರಿ?"

"ಕಾಲು ಡಬ್ಬಿ ತಿಂದೆ!"

"ಕಾಲು ಡಬ್ಬೀನಾ! ಯಾರಾದ್ರೂ ತಿಂತಾರಾ?"

"ಯಾರಾದ್ರೂ ಮಂಡಿಗೆ ಕಟ್ತಾರಾ?"

ಇಷ್ಟರಲ್ಲಿ ನಾದಿನಿ ಹಲ್ಲಿನ ಡಾಕ್ಟರ ಹತ್ತಿರದಿಂದ ಬಂದಳು. ನನ್ನ ಮುಖ ನೋಡಿದಳು. ಡಬ್ಬಿಯ ಸೀಮೆಸುಣ್ಣದ ಗೆರೆ ನೋಡಿದಳು. ಟೈಲರನ ಮಂಡಿ ನೋಡಿದಳು. "ಕಾಲು ಅಂದ್ನಲ್ಲ ಅತ್ತಿಗೆ! ಕಾಲು!" ಎಂದು ಕಿರುಚಿದಳು.

"ಕಾಲೇ ತಿಂದಿದ್ದೀನಲ್ಲ!"

"ಕಾಲೇ ಕಟ್ಟಿದ್ದೀನಲ್ಲ ಅಕ್ಕಾ!"

ಅವಳು ಕಾಲನ್ನು ನೆಲಕ್ಕೆ ಅಪ್ಪಳಿಸಿದಳು. ಆಮೇಲೆ ಬಾಯಿಗೆ ಕೈ ಹಾಕಿ ಹಲ್ಲಿನ ಸೆಟ್ಟನ್ನು ಕಿತ್ತು ತೆಗೆದು, ಅಂಗೈಯಲ್ಲಿ ಹಿಡಿದು, ಎಷ್ಟೋ ದಿನದ ಮೇಲೆ ಘಂಟೆ ಹೊಡೆದ ಹಾಗೆ ನುಡಿದಳು:

"ಕಾಳು! ಕಾಳು! ಒಂದೇ ಒಂದು ಕಾಳು! ಕೇಳಿಸ್ತಾ? ಳ! ಳ! ಳ!"

ನಾನು ಡಬ್ಬಿ ನೋಡಿದೆ, ಟೈಲರ್ ತನ್ನ ಮಂಡಿ ನೋಡಿದ. ಅವಳ ಕೈಯಲ್ಲಿದ್ದ ಹಲ್ಲು ಮಾತ್ರ ನಮ್ಮಿಬ್ಬರನ್ನೂ ನೋಡಿ ನಗುತ್ತಿತ್ತು.

"ಇವನಿಗಾದ್ರೂ ಇದನ್ನ ಆಗಲೇ ಹಲ್ಲು ತೆಗೆದು ಹೇಳೋಕೆ ಏನಾಗಿತ್ತೇ ನಿನಗೆ?"

"ಮೆಟ್ಟಿಲ ಮೇಲೆ, ಬೀದಿ ಜನರೆದುರು, ಹಲ್ಲು ತೆಗೀಲಾ? ನನಗೂ ಮರ್ಯಾದೆ ಇದೆ!"

ಇಬ್ಬರೂ ನನ್ನನ್ನು ಎರಡು ಕಡೆ ಹಿಡಿದು ಬೀದಿಯ ಆಚೆಗಿನ ಡಾಕ್ಟರಮ್ಮನ ಹತ್ತಿರ ಕರೆದೊಯ್ದರು. ಆಕೆ ಎದೆ, ಗಂಟಲು ನೋಡಿ, ಚುಚ್ಚುಮದ್ದು ಕೊಟ್ಟು, ಆಮೇಲೆ ಕೇಳಿದರು.

"ಯಾಕಮ್ಮಾ ತಿಂದ್ರಿ?"

"ಸುಸ್ತಿಗೆ. ಅದನ್ನ ತಿಂದ್ರೆ ಸುಸ್ತು ಹೋಗುತ್ತಾ ಡಾಕ್ಟ್ರೇ?"

"ಹೋಗುತ್ತೆ ಅಂತ ಹೇಳೋರು ಬೇಕಾದಷ್ಟು ಜನ ಇದ್ದಾರೆ. ಸುಸ್ತು ಹೋಗುತ್ತೋ ಇಲ್ವೋ, ಇನ್ನೊಂದಿಷ್ಟು ತಿಂದಿದ್ರೆ ನೀವು ಹೋಗ್ತಿದ್ರಿ. ಕೆಲವರಿಗೆ ಒಂದು ಕಾಳೂ ಆಗಲ್ಲ. ಅದಕ್ಕೇ ಒಂದೇ ಕಾಳಲ್ಲಿ ಶುರು ಮಾಡಿ ಅನ್ನೋದು. ನಿಮಗೆ ಇನ್ನು ಒಂದು ಕಾಳೂ ಬೇಡ. ಈ ಮಾತ್ರೆ ತಗೊಳ್ಳಿ. ಸ್ವಲ್ಪ ಸುಸ್ತಾಗುತ್ತೆ."

ನೋಡಿ ನನ್ನ ಹಣೆಬರಹ! ಸುಸ್ತಿಗೆಂದು ಪರಾಗ ತಿಂದೆ. ಪರಾಗಕ್ಕೆಂದು ಮಾತ್ರೆ ತಿಂದೆ. ಮಾತ್ರೆಯಿಂದ ಬಂದದ್ದು ಸುಸ್ತು!

ಅಂಗಡಿಗೆ ವಾಪಸು ಬಂದಾಗ ಟೈಲರ್ ಕೋಟಿನ ಕಲೆಯನ್ನು ಸೋಪು ಹಾಕಿ ಉಜ್ಜಿದ. ಕಲೆ ಹೋಗಲಿಲ್ಲ, ಇನ್ನೂ ಅಗಲವಾಗಿ ಆರಾಮಾಗಿ ಕೂತಿತು. ಹೋಟೆಲಿನವರು ಕೊಟ್ಟ ಬಟ್ಟೆ ಒಂದೇ ಕೋಟಿಗಾಗುವಷ್ಟಿತ್ತು. ಅವನು ಬೈಯಲಿಲ್ಲ. ಕೋಟನ್ನು ನೀಟಾಗಿ ಮಡಿಸಿ, "ಹೋಗಲಿ ಬಿಡಿ ಅಮ್ಮಾ, ಮಿಷನ್ನಿನವರಿಗೆ ಫೋನ್ ಮಾಡ್ತೀನಿ. ನೀವು ಮೇಲೆ ಹೋಗಿ ಮಲಗಿ" ಎಂದ. ಬೈದಿದ್ದರೆ ನಾನೂ ನಾಲ್ಕು ಮಾತು ಆಡಿ ಹಗುರವಾಗುತ್ತಿದ್ದೆ. ಮೇಲೆ ಹೋಗಿ ಮಲಗಿ ಅಂದನಲ್ಲ, ಆಗ ಆ ಸ್ಟೂಲಿನ ಕಡೆ ನೋಡಿದೆ. ಕೂರುವ ಕಡೆ ಸವೆದು ಹೊಳಪು ಬಂದಿದೆ. ಒಂದಿಷ್ಟು ಅವರು ಸವೆಸಿದ್ದು, ಮಿಕ್ಕಿದ್ದು ನಾನು. ಊದಿದ ಕಣ್ಣಿನಲ್ಲಿ ನೀರು ಬಂದರೆ ಒಂದು ಅನುಕೂಲ, ಯಾರಿಗೂ ಗೊತ್ತಾಗುವುದಿಲ್ಲ.

"ಕೊಡು ಇಲ್ಲಿ," ಎಂದು ಕೋಟು ಕಿತ್ತುಕೊಂಡೆ. "ಎಡಗಡೆಯೂ ಹಾಕ್ತೀನಿ."

"ಬಲಗಡೆಯದನ್ನ ಏನು ಮಾಡ್ತೀರಿ? ಸೀಳಿದ ಬಟ್ಟೆ ಕೂಡುತ್ತಾ?"

"ಅದು ಹಾಗೇ ಇರಲಿ. ಎರಡೂ ಕಡೆ ಗುಂಡಿಯೂ ಹಾಕು. ಗುಂಡಿ ಇಲ್ಲದ ಕಾಜ ನೋಡಿದ್ರೆ ತಪ್ಪು ಅಂತಾರೆ. ಗುಂಡಿ ಇದ್ರೆ ಹೊಸ ಫ್ಯಾಷನ್ ಅಂತಾರೆ!"

ಅವನಿಗೆ ನಂಬಿಕೆ ಬರಲಿಲ್ಲ. ಬೇರೆ ದಾರಿಯೂ ಇರಲಿಲ್ಲ. ಮಾತ್ರೆಯ ಮಂಪರಿನಲ್ಲಿ ಒಂದೊಂದು ಎಳೆಯನ್ನೂ ಬೆರಳಿನಿಂದ ತಡವಿ ತಡವಿ ಕೂರಿಸಿದೆ. ನಾದಿನಿ ಪಕ್ಕದಲ್ಲಿ ಕೂತು ದಾರ ಪೋಣಿಸಿ ಕೊಟ್ಟಳು. ನಾನು ತೂಕಡಿಸಿದಾಗಲೆಲ್ಲ ತಿವಿದಳು. ಹಲ್ಲನ್ನು ಮಾತ್ರ ಮತ್ತೆ ಹಾಕಿಕೊಳ್ಳಲಿಲ್ಲ.

ಮರುದಿನ ಮುಖ್ಯ ಅಡುಗೆಯವರು ಬಂದರು. ಬಾಗಿಲು ತುಂಬುವಂಥ ಮನುಷ್ಯ. ನನ್ನ ಮುಖ ಅಷ್ಟು ಹೊತ್ತಿಗೆ ನನ್ನದೇ ಅನ್ನುವಷ್ಟಕ್ಕೆ ಇಳಿದಿತ್ತು. ಟೈಲರ್ ಕೋಟು ತೊಡಿಸಿ, ಕಲೆಯ ಮೇಲೆ ಕೈಯಿಟ್ಟುಕೊಂಡೇ ಅವರ ಎದೆ ಸವರುತ್ತಾ ನಿಂತ.

"ಕೈ ತೆಗೀರಿ ಮಾಸ್ಟರೇ, ನೋಡ್ಬೇಕಲ್ಲ ನಾನು!"

ಟೈಲರ್ ಕೈ ತೆಗೆದ. ಕನ್ನಡಿಯಲ್ಲಿ ಹಳದಿ ಕಲೆ ಸೂರ್ಯನ ಹಾಗೆ ಉದಯಿಸಿತು. ನಾನು ಸ್ಟೂಲಿನ ಅಂಚನ್ನು ಹಿಡಿದುಕೊಂಡೆ.

"ಇದೇನಿದು?" ಎಂದರು ಅವರು. ಕೋಟಿನ ಗುಂಡಿ ಬಿಚ್ಚಿದರು. ಬಲಗಡೆಯ ಕಾಜ ಕಣ್ಣಿಗೆ ಬಿತ್ತು. "ಈ ಕಡೆಯೂ ಇದೆಯಲ್ಲ!" ಎಂದು ಬಲ ಪದರವನ್ನು ಮೇಲೆ ತಂದು ಗುಂಡಿ ಹಾಕಿದರು. ಕಲೆ ಒಳಗೆ ಹೋಯಿತು. ಕೋಟು ಹಾಲಿನ ಹಾಗೆ ಬೆಳ್ಳಗಾಯಿತು! ಮತ್ತೆ ಬಿಚ್ಚಿದರು, ಎಡ ಮೇಲೆ ತಂದರು, ಕಲೆ ಬಂತು. ಬಲ ಮೇಲೆ ತಂದರು, ಹೋಯಿತು. ಮಗುವಿಗೆ ಹೊಸ ಆಟ ಸಿಕ್ಕ ಹಾಗೆ.

"ಮಾಸ್ಟರೇ! ಅಡುಗೆ ಮಾಡುವಾಗ ಎದೆ ಮೇಲೆ ಎಣ್ಣೆ ಹಾರುತ್ತೆ, ಅದೇ ಹೊತ್ತಿಗೆ ಮಾಲೀಕರು ಗಿರಾಕಿಗಳ ಮುಂದೆ ಬಾ ಅಂತಾರೆ. ಈಗ ಮಗುಚಿ ಹಾಕ್ಕೊಂಡ್ರೆ ಮುಗೀತಲ್ಲ! ಅದನ್ನ ತೋರಿಸೋಕೆ ಅಂತ್ಲೇ ಬೇಕಂತ ಕಲೆ ಹಚ್ಚಿ ಇಟ್ಟಿದ್ದೀರಿ! ಇದಪ್ಪಾ ಬುದ್ಧಿ ಅಂದ್ರೆ!"

"ಹ್ಞೂಂ... ಬೇಕಂತಲೇ," ಎಂದ ಟೈಲರ್, ಮಂಡಿ ಕೆರೆದುಕೊಳ್ಳುತ್ತಾ.

"ಅಷ್ಟೂ ಕೋಟಿಗೆ ಹೀಗೇ ಇರಲಿ. ಎರಡೂ ಕಡೆ ತೂತು."

ತೂತು! ನಾನು ತಡೆಯಲಾರದೆ ಮುಂದೆ ಬಂದೆ. "ಅದು ತೂತಲ್ಲ ಯಜಮಾನರೇ, ಕಾಜ. ಕೈಯಲ್ಲೇ ಹಾಕಿದ್ದು. ಮಿಷನ್ನಿಂದ ಅಲ್ಲ."

ಅವರು ಕನ್ನಡಕ ಹಾಕಿ, ಗಲ್ಲವನ್ನು ಎದೆಗಿಟ್ಟು, ಬಹಳ ಹೊತ್ತು ನೋಡಿದರು. "ಹೌದಾ? ನನಗೆ ಎರಡೂ ಒಂದೇ ಥರ ಕಾಣುತ್ತಮ್ಮಾ. ಗುಂಡಿ ಒಳಗೆ ಹೋದ್ರೆ ಸಾಕು."

ಅವರು ಹೋದ ಮೇಲೆ ಹೋಟೆಲಿನ ಆಳು ಬಟ್ಟೆಯ ಕಟ್ಟು ತಂದು ಹಾಕಿದ. ಒಂದು, ಇನ್ನೊಂದು, ಮತ್ತೊಂದು. ಅಂಗಡಿಯ ಮೂಲೆಯಲ್ಲಿ ಬಿಳಿ ಬೆಟ್ಟ ಎದ್ದಿತು. ನಾನು ಅದನ್ನು ಕೆಳಗಿನಿಂದ ಮೇಲಕ್ಕೆ ನೋಡಿದೆ. ಪ್ರತಿ ಕೋಟಿಗೂ ಒಂದು ಸಾಲು ಅಂತ ಲೆಕ್ಕ ಹಾಕಿ ಯುದ್ಧಕ್ಕೆ ಇಳಿದವಳು ನಾನು. ಈಗ ಎರಡು ಸಾಲು. ಎರಡನೆಯದು ನನ್ನ ಸ್ವಂತ ಸಂಪಾದನೆ.

ಟೈಲರನ ಕಣ್ಣು ತುಂಬಿತ್ತು. "ಅಮ್ಮಾ, ಗೆದ್ದುಬಿಟ್ರಿ! ಕೊಟ್ಟ ಮಾತು ಮಾತೇ. ನೀವಿರೋವರೆಗೂ ಈ ಅಂಗಡಿಗೆ ಕಾಜದ ಮಿಷನ್ ಬರಲ್ಲ. ಎಲ್ಲಾ ಕಾಜವೂ ನಿಮ್ಮದೇ! ಈಗಲೇ ಫೋನ್ ಮಾಡಿ ಮಿಷನ್ ಬೇಡ ಅಂತೀನಿ" ಎಂದು ಜೇಬಿನಿಂದ ಫೋನು ತೆಗೆದ.

ನಾನು ಅವನ ಕೈ ಹಿಡಿದುಕೊಂಡೆ.

"ತಾಳಪ್ಪಾ. ಗುಂಡಿ ಹಾಕೋದು ನನಗಿರಲಿ, ಅಷ್ಟು ಸಾಕು. ಫೋನ್ ಮಾಡೋದು ಮಾಡು, ಆದ್ರೆ ಬೇಡ ಅನ್ನಬೇಡ. ಇವತ್ತೇ ತಂದುಕೊಡ್ತಾರಾ ಕೇಳು."